ಬಾಯಿ ಕ್ಯಾನ್ಸರ್ ಅಂತ ರಿಪೋರ್ಟ್ ಬಂದಿದೆ, ಇದನ್ನು ದಾಟಿ ಬಂದವರು ಯಾರಾದರೂ ಮಾತಾಡುತ್ತೀರಾ?

ದಾವಣಗೆರೆಯಿಂದ ಕೇಳುತ್ತಿದ್ದೇನೆ. ನಮ್ಮ ಮನೆಯವರಿಗೆ 47 ವರ್ಷ. ನಾಲಿಗೆ ಪಕ್ಕದಲ್ಲಿ ಒಂದು ಹುಣ್ಣಾಗಿತ್ತು, ಎರಡು ತಿಂಗಳಾದರೂ ಮಾಯಲಿಲ್ಲ. ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಅಂತ ಬಂತು. ಬೆಂಗಳೂರಿನಲ್ಲಿ ಆಪರೇಷನ್, ಆಮೇಲೆ ಬಹುಶಃ ರೇಡಿಯೇಷನ್ ಅಂದಿದ್ದಾರೆ. ಒಂದು ವಾರದಿಂದ ಇವರು ಮಾತೇ ಆಡುತ್ತಿಲ್ಲ, ಗೋಡೆ ಕಡೆ ತಿರುಗಿ ಮಲಗುತ್ತಾರೆ. ನಾನು ಏನು ಹೇಳಿದರೂ "ನಿನಗೇನು ಗೊತ್ತು" ಅನ್ನುತ್ತಾರೆ. ಅದೂ ನಿಜಾನೇ. ಇದನ್ನು ಅನುಭವಿಸಿದವರು ಒಬ್ಬರು ಸಿಕ್ಕರೆ ಇವರನ್ನು ಮಾತಾಡಿಸಬೇಕು ಅಂತ ಆಸೆ. ಅಂಥವರನ್ನು ಎಲ್ಲಿ ಹುಡುಕೋದು? ಓಣಿಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ಚಿತ್ರದುರ್ಗದಿಂದ ಒಬ್ಬರು:

ಅಕ್ಕ, ನನಗೂ ನಾಲಿಗೆಗೇ ಬಂದಿತ್ತು, ಎಡಗಡೆ. ಆಪರೇಷನ್ ಆಗಿ ಈಗ ಐದನೇ ವರ್ಷ. "ನಿನಗೇನು ಗೊತ್ತು" ಅಂತ ನಾನೂ ನನ್ನ ಹೆಂಡತಿಗೆ ಅಂದಿದ್ದೆ. ಸಿಟ್ಟು ಅವಳ ಮೇಲೆ ಇರಲಿಲ್ಲ, ಹೆದರಿಕೆ ಅಂತ ಹೇಳೋಕೆ ಬಾಯಿ ಬರಲಿಲ್ಲ ಅಷ್ಟೆ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನನಗೆ ಅಂಥ ಒಬ್ಬರು ಸಿಕ್ಕಿದ್ದು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ರೇಡಿಯೇಷನ್‌ಗೆ ಕಾಯುವ ಬೆಂಚಿನ ಮೇಲೆ. ನಮ್ಮ ಕಡೆ ಜನ "ಕರೆಂಟ್ ಕೊಡಿಸೋದು" ಅನ್ನುತ್ತಾರಲ್ಲ, ಅದಕ್ಕೆ. ಸೋಮವಾರದಿಂದ ಶುಕ್ರವಾರ, ಆರು ವಾರ, ಅದೇ ಹೊತ್ತು, ಅದೇ ಮುಖಗಳು. ಅವರಲ್ಲಿ ಚನ್ನಗಿರಿ ಕಡೆಯ ಹಿರಿಯರೊಬ್ಬರಿದ್ದರು, ಅಡಿಕೆ ತೋಟದವರು. ಅವರ ಟ್ರೀಟ್‌ಮೆಂಟ್ ನನಗಿಂತ ಮೂರು ವಾರ ಮೊದಲು ಶುರುವಾಗಿತ್ತು. ನನಗೆ ನಾಳೆ ಆಗೋದು ಅವರಿಗೆ ಆಗಿ ಹೋಗಿರುತ್ತಿತ್ತು. ಮುಖಕ್ಕೆ ಬಲೆ ಥರದ ಮಾಸ್ಕ್ ಹಾಕಿ ಟೇಬಲ್‌ಗೆ ಬಿಗಿಯುತ್ತಾರೆ, ಮೊದಲನೇ ದಿನ ನನಗೆ ಉಸಿರೇ ಕಟ್ಟಿದ ಹಾಗಾಗಿ ಎದ್ದು ಓಡಿಹೋಗೋಣ ಅನ್ನಿಸಿತ್ತು. "ಕಣ್ಣು ಮುಚ್ಚಿಕೊಂಡು ತೋಟದಲ್ಲಿ ನಡಿ. ಒಂದೊಂದೇ ಮರ ಎಣಿಸು. ಸಾಲು ಮುಗಿಯೋದರೊಳಗೆ ಬಿಚ್ಚುತ್ತಾರೆ" ಅಂದರು. ನನಗೆ ತೋಟ ಇಲ್ಲ, ಆದರೂ ಎಣಿಸಿದೆ. ಎಣಿಸುತ್ತಾ ಎಣಿಸುತ್ತಾ ಆರು ವಾರ ಮುಗಿಯಿತು.

ಬಾಯಿ ಒಣಗುತ್ತದೆ, ರುಚಿ ಹೋಗುತ್ತದೆ ಅಂತ ಡಾಕ್ಟರೂ ಹೇಳಿದ್ದರು. ಆದರೆ ಮಂಡಕ್ಕಿ ಬಾಯಿಗೆ ಹಾಕಿದರೆ ಹೊಟ್ಟು ತಿಂದ ಹಾಗಿರುತ್ತದೆ, ಅನ್ನಕ್ಕೆ ಸಾರು ಜಾಸ್ತಿ ಹಾಕಿ ಚೆನ್ನಾಗಿ ಹಿಸುಕಿಕೋ, ಖಾರ ಬಿಡು, ನೀರಿನ ಬಾಟಲಿ ಇಲ್ಲದೆ ಹೊಸ್ತಿಲು ದಾಟಬೇಡ ಅಂತ ಹೇಳಿದ್ದು ಅವರು. ಇನ್ನೊಂದು ವಿಷಯ. ಅಲ್ಲಿವರೆಗೆ ನನ್ನನ್ನು ನೋಡೋಕೆ ಬಂದ ಪ್ರತಿಯೊಬ್ಬರೂ ಮೊದಲು ಕೇಳಿದ್ದು "ಗುಟ್ಕಾ ಹಾಕ್ತಿದ್ದೆಯಾ" ಅಂತ. ಹಾಕುತ್ತಿದ್ದೆ. ಇಪ್ಪತ್ತು ವರ್ಷ. ರಾತ್ರಿಯೆಲ್ಲ ಅದನ್ನೇ ನೆನೆಸಿಕೊಂಡು ಅಳುವವನಿಗೆ ಹಗಲೂ ಅದನ್ನೇ ಕೇಳಿದರೆ ಏನು ಮಾತಾಡಬೇಕು ಹೇಳಿ. ಆ ಹಿರಿಯರು ಮಾತ್ರ ಕೇಳಲೇ ಇಲ್ಲ. ಒಂದು ದಿನ ತಾವಾಗಿಯೇ "ನಾನೂ ಹಾಕುತ್ತಿದ್ದೆ" ಅಂದರು. ಅವತ್ತು ನಾನು ಬಾಯಿ ಬಿಟ್ಟೆ.

ಆದರೆ ನೀವು ರೇಡಿಯೇಷನ್ ತನಕ ಕಾಯಬೇಡಿ. ಆಪರೇಷನ್‌ಗೆ ಮೊದಲೇ ಇದು ಬೇಕು. ಸರ್ಜನ್ ಹತ್ತಿರವೋ, ಅವರ ಓಪಿಡಿಯ ಸಿಸ್ಟರ್ ಹತ್ತಿರವೋ ನೇರವಾಗಿ ಕೇಳಿ: "ಇದೇ ಆಪರೇಷನ್ ಆಗಿ ಒಂದೆರಡು ವರ್ಷ ಕಳೆದವರು ಫಾಲೋಅಪ್‌ಗೆ ಯಾವತ್ತು ಬರುತ್ತಾರೆ, ಅವರಲ್ಲಿ ಒಬ್ಬರನ್ನು ಮಾತಾಡಿಸಬಹುದಾ?" ಆಸ್ಪತ್ರೆಯ ಸಮಾಜ ಸೇವಕರು, ಸ್ಪೀಚ್ ಥೆರಪಿಸ್ಟ್ ಇವರನ್ನೂ ಕೇಳಿ. ಯಾರು ಮಾತಾಡೋಕೆ ಮನಸ್ಸು ಮಾಡುತ್ತಾರೆ ಅಂತ ಇವರಿಗೇ ಜಾಸ್ತಿ ಗೊತ್ತಿರುತ್ತದೆ. ಬೇರೆ ರೋಗಿಯ ನಂಬರನ್ನು ಅವರು ಸುಮ್ನೆ ಕೊಡೋ ಹಾಗಿಲ್ಲ. ಅದಕ್ಕೆ ನಿಮ್ಮ ನಂಬರ್ ಬರೆದುಕೊಟ್ಟು ಬನ್ನಿ, ಒಪ್ಪಿದವರೇ ಫೋನ್ ಮಾಡುತ್ತಾರೆ. ನಾಲಿಗೆ ಆಪರೇಷನ್ ಆದವರೇ ಬೇಕು ಅಂತ ಹೇಳಿ. ನಮ್ಮ ಸಂಬಂಧಿಕರೊಬ್ಬರು ಸ್ತನ ಕ್ಯಾನ್ಸರ್ ಗೆದ್ದವರು, ಪಾಪ ಒಳ್ಳೆ ಮನಸ್ಸಿಂದ ಬಂದು ಧೈರ್ಯ ಹೇಳಿದರು. ಆದರೆ ನುಂಗೋಕೆ ಆಗದೇ ಇರೋದು, ಮಾತು ತೊದಲೋದು ಅವರಿಗೆ ಹೇಗೆ ಗೊತ್ತಾಗಬೇಕು?

ರೈಲಲ್ಲಿ ಹೋಗಿ ಬರೋದಾದರೆ ಆಸ್ಪತ್ರೆಯಲ್ಲಿ ಕ್ಯಾನ್ಸರ್ ರಿಯಾಯಿತಿಯ ಫಾರಂ ತುಂಬಿಸಿಕೊಳ್ಳಿ. ಸ್ಲೀಪರ್‌ನಲ್ಲಿ ರೋಗಿಗೆ ಪೂರ್ತಿ ಬಿಡುತ್ತಾರೆ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75.

ದಾವಣಗೆರೆಯಿಂದ ಇನ್ನೊಬ್ಬರು:

ತಂಗಿ, ನಮ್ಮ ಮನೆಯವರದು ಗಂಟಲು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದಾಗ ಇವರು ಬೇಡವೇ ಬೇಡ ಅಂತ ಹಟ ಹಿಡಿದು ವಾಪಸ್ ಬಂದುಬಿಟ್ಟರು. ಬೆಂಗಳೂರಿನ ಡಾ. ವಿಶಾಲ್ ರಾವ್ ಅವರು ಗಂಟಲು ಕ್ಯಾನ್ಸರ್ ಆದವರು ಮತ್ತೆ ಮಾತಾಡಲಿ ಅಂತ 50 ರೂಪಾಯಿಯ ಸಾಧನ ಮಾಡಿದ್ದಾರೆ ಅಂತ ಪೇಪರಿನಲ್ಲಿ ಬಂದಿತ್ತು, ನನ್ನ ಮಗ ಅದನ್ನು ಓದಿ ಹೇಳಿದ. ಕಿವಿಗೇ ಹಾಕಿಕೊಳ್ಳಲಿಲ್ಲ. ಆಮೇಲೆ ಆಸ್ಪತ್ರೆಯವರೇ ಅದೇ ಆಪರೇಷನ್ ಆಗಿದ್ದ ಒಬ್ಬರನ್ನು ಕರೆಸಿದರು. ಅವರು ಎದುರಿಗೆ ಕೂತು, ಕತ್ತಿನ ತೂತಿನ ಮೇಲೆ ಹೆಬ್ಬೆರಳು ಒತ್ತಿಕೊಂಡು, "ಊಟ ಆಯ್ತಾ ಅಣ್ಣ" ಅಂದರು. ಅಷ್ಟೇ. ಇವರು ಎದ್ದು ಕೂತರು. ಮುಂದಿನ ವಾರ ಅಡ್ಮಿಟ್ ಆದರು.

ನಿಮಗೂ ಒಬ್ಬರು ಬೇಕು, ಇದನ್ನು ಯಾರೂ ಹೇಳೋದಿಲ್ಲ. ಮೂಗಿನ ನಳಿಗೆಯಲ್ಲಿ ಗಂಜಿ ಹಾಕೋದು, ರಾತ್ರಿ ಕಫ ತೆಗೆಯೋದು, ಅವರು ತಟ್ಟೆ ತಳ್ಳಿದಾಗ ಅಳು ನುಂಗಿಕೊಳ್ಳೋದು, ಎಲ್ಲ ನಿಮ್ಮ ಪಾಲಿಗೇ ಬರುತ್ತದೆ. ರಾತ್ರಿ ನಿದ್ದೆ ಬಾರದಿದ್ದರೆ ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಇನ್ನು ನಾನಿದ್ದೇನೆ. ಓಣಿಯವರಿಗೆ ಗೊತ್ತಾಗೋದು ಬೇಡ ಅಂದರೆ ಬೆಳಿಗ್ಗೆ ಕುಂದವಾಡ ಕೆರೆ ಹತ್ತಿರ ಬನ್ನಿ. ವಾಕಿಂಗ್ ಬಂದವರ ಥರ ಮಾತಾಡಿಕೊಂಡು ಬರೋಣ.

ಇನ್ನೊಬ್ಬರು:

ಒಂದೇ ಮಾತು. ಅನುಭವ ಹೇಳೋಕೆ ಬಂದವರು ಪುಡಿ, ಕಷಾಯ ಮಾರೋಕೆ ಶುರು ಮಾಡಿದರೆ ಎದ್ದು ಬನ್ನಿ. ನಮ್ಮ ಅಪ್ಪ ಅಂಥವರ ಮಾತು ಕೇಳಿ ಮೂರು ತಿಂಗಳು ಕಳೆದರು, ಅಷ್ಟರಲ್ಲಿ ಗಡ್ಡೆ ಕತ್ತಿಗೆ ಇಳಿದಿತ್ತು.

ಕೇಳಿದವರು:

ಎಲ್ಲರದ್ದನ್ನೂ ಇವರ ಪಕ್ಕ ಕೂತು ಗಟ್ಟಿಯಾಗಿ ಓದಿದೆ. ತಿರುಗಲಿಲ್ಲ, ಆದರೆ ಮಲಗಿಯೂ ಇರಲಿಲ್ಲ. ಓದಿ ಮುಗಿಸಿದ ಮೇಲೆ "ಆ ಚನ್ನಗಿರಿಯವರು ಈಗ ಹೇಗಿದ್ದಾರಂತೆ" ಅಂತ ಕೇಳಿದರು. ಅಣ್ಣಾ, ಒಂದು ಮಾತು ತಿಳಿಸಿ. ಅಕ್ಕ, ನಾಳೆ ಆರೂವರೆಗೆ ಕೆರೆ ಹತ್ತಿರ ಇರುತ್ತೇನೆ.

ಚಿತ್ರದುರ್ಗದಿಂದ:

ಚೆನ್ನಾಗಿದ್ದಾರೆ. ಈಗಷ್ಟೇ ಫೋನ್ ಮಾಡಿದೆ, ತೋಟಕ್ಕೆ ನೀರು ಬಿಡುತ್ತಿದ್ದರು. "ಅವರ ನಂಬರ್ ಕೊಡು, ಸಂಜೆ ನಾನೇ ಮಾತಾಡ್ತೀನಿ" ಅಂದರು. ನಿಮ್ಮ ಮನೆಯವರು ಹೂಂ ಅಂದರೆ ನಂಬರ್ ಕಳಿಸಿ, ಅಕ್ಕ.