ಎಯ್ಯಾಫ್ಯಟ್ಲಾಯೋಕುಟ್ಲ್: ಈ ಹೆಸರನ್ನು ಎಲ್ಲಿ ಬಿಡಿಸಬೇಕು?

ಪದಕುತೂಹಲಿ: 2010ರ ಏಪ್ರಿಲ್‌ನಲ್ಲಿ ಬೂದಿ ಉಗುಳಿ ಯುರೋಪಿನ ವಿಮಾನ ಸಂಚಾರವನ್ನು ದಿನಗಟ್ಟಲೆ ನಿಲ್ಲಿಸಿದ ಐಸ್‌ಲ್ಯಾಂಡಿನ ಜ್ವಾಲಾಮುಖಿ ಇದು. ಹೆಸರಿನ ಅರ್ಥ ‘ದ್ವೀಪದ ಬೆಟ್ಟದ ಹಿಮನದಿ’ ಎಂದು ಹಲವೆಡೆ ಕೊಟ್ಟಿದ್ದಾರೆ. ಯಾವ ದ್ವೀಪ? ಐಸ್‌ಲ್ಯಾಂಡೇ ದ್ವೀಪವಾದ್ದರಿಂದಲೇ?

ಷಷ್ಠಿಪ್ರಿಯ: ಅಲ್ಲ. ಬಲಗಡೆಯಿಂದ ಬಿಡಿಸುತ್ತ ಬನ್ನಿ. ಕೊನೆಯ ‘ಯೋಕುಟ್ಲ್’ ಮುಖ್ಯಪದ: ಹಿಮನದಿ. ಅದರ ಹಿಂದಿನ ‘ಫ್ಯಟ್ಲಾ’ ಎಂದರೆ ಬೆಟ್ಟಗಳ. ಮೊದಲ ‘ಎಯ್ಯಾ’ ಎಂದರೆ ದ್ವೀಪಗಳ. ಒಟ್ಟು ‘ದ್ವೀಪಗಳ ಬೆಟ್ಟಗಳ ಹಿಮನದಿ’. ನಮ್ಮಲ್ಲೂ ಷಷ್ಠಿ ಮುಂದೆ ಬರುವುದರಿಂದ ಪದಗಳ ಕ್ರಮ ಕದಲಿಸಬೇಕಾಗಿಯೇ ಇಲ್ಲ, ಎರಡು ‘ಗಳ’ ಕೂಡ ಹಾಗೇ ಕೂರುತ್ತವೆ.

ಎಡವುವುದು ‘ಎಯ್ಯಾ’ದಲ್ಲಿ. ನಿಘಂಟು ತೆಗೆದರೆ ‘ಎಯ್ಯಾ: ದ್ವೀಪ’ ಎಂದು ಏಕವಚನ ಸಿಗುತ್ತದೆ, ಅಲ್ಲಿಗೇ ನಿಲ್ಲುತ್ತಾರೆ. ಒಂದೇ ದ್ವೀಪದ ಎನ್ನಬೇಕಿದ್ದರೆ ಅದು ‘ಎಯ್ಯು’ ಎಂದಾಗಬೇಕು, ಹಳೆಯ ‘ಎಯ್’ ಪದದಿಂದಾದರೆ ‘ಎಯ್ಯಾರ್’. ಇಲ್ಲಿ ಎರಡೂ ಇಲ್ಲ, ಹಾಗಾಗಿ ಬಹುವಚನವೇ. ಆ ದ್ವೀಪಗಳು ದಕ್ಷಿಣ ಕರಾವಳಿಯಾಚೆಯ ವೆಸ್ಟ್‌ಮನ್ನಾಎಯ್ಯಾರ್. ಅವುಗಳ ಎದುರಿಗಿರುವ ಬೆಟ್ಟಸಾಲು ಎಯ್ಯಾಫ್ಯೊಟ್ಲ್, ಅದರ ಮೇಲೆ ಹೊದ್ದ ಹಿಮಕ್ಕೆ ಈ ಹೆಸರು. ಜ್ವಾಲಾಮುಖಿ ಎಂಬ ಮಾತು ಹೆಸರಿನಲ್ಲಿ ಎಲ್ಲೂ ಇಲ್ಲ.

ನಾದಲಿಪಿ: ಉಚ್ಚಾರಣೆಗೆ ಮೂರು ಮಾತು. ಐಸ್‌ಲ್ಯಾಂಡಿಕ್ ಬರಹದ (Eyjafjallajökull) ‘ಜೆ’ ಅಕ್ಷರ ಯಕಾರ, ಜಕಾರವಲ್ಲ. ಇಲ್ಲಿನ ಜೋಡಿ ‘ಎಲ್’ಗೆ ‘ಟ್ಲ’ದ ದನಿ; ಪದದ ಕೊನೆಯಲ್ಲಿ ಅದು ಬರೀ ಉಸಿರಿನಂತೆ ಕೇಳುತ್ತದೆ. ಒತ್ತು ಮೊದಲ ಅಕ್ಷರದ ಮೇಲೆ. ‘ಐಜಾಫ್‌ಜಲ್ಲಾಜೋಕುಲ್’ ಎಂದು ಬರೆದರೆ ಮೂರೂ ಪದ ಕೆಡುತ್ತವೆ. ಇನ್ನು ‘ಯೋಕುಟ್ಲ್’ ಹುಟ್ಟಿದ್ದು ‘ಯಾಕಿ’, ಅಂದರೆ ಮಂಜಿನ ತುಂಡು, ಎಂಬುದರಿಂದ. ಮೊದಲು ಜೋತುಬಿದ್ದ ಮಂಜಿನ ಕಡ್ಡಿಗೆ ಹೇಳುತ್ತಿದ್ದ ಪದ ಬೆಳೆದು ಬೆಟ್ಟವನ್ನೇ ಹೊದ್ದಿದೆ.

ಪದಕುತೂಹಲಿ: ಹಾಗಾದರೆ ಐಸ್‌ಲ್ಯಾಂಡಿನ ದೊಡ್ಡ ಹಿಮನದಿ ವಾಟ್ನಾಯೋಕುಟ್ಲ್?

ಷಷ್ಠಿಪ್ರಿಯ: ಅದೇ ದಾರಿ. ‘ವಾಟ್ನ್’ ಎಂದರೆ ನೀರು, ಸರೋವರ. ಏಕವಚನವಾಗಿದ್ದರೆ ‘ವಾಟ್ನ್ಸ್’ ಬರಬೇಕಿತ್ತು. ‘ವಾಟ್ನಾ’ ಇರುವುದರಿಂದ ಸರೋವರಗಳ ಹಿಮನದಿ. ಐಸ್‌ಲ್ಯಾಂಡಿಕ್ ಭಾಷಾಧ್ಯಯನದ ಅರ್ನಿ ಮಾಗ್ನುಸ್ಸೊನ್ ಸಂಸ್ಥೆಯ ಜಾಲತಾಣದಲ್ಲಿ ಪದರೂಪಗಳ ಕೋಶ ಉಚಿತವಾಗಿದೆ. ಅದರಲ್ಲಿ ‘ಎಯ್ಗ್ನಾರ್‌ಫಾಟ್ಲ್’ (eignarfall) ಎಂಬ ಸಾಲು ನೋಡಿ, ಅದೇ ಷಷ್ಠಿ. ಆದರೆ ಇಂದಿನ ರೂಪವೊಂದನ್ನೇ ನಂಬಬೇಡಿ: ರಾಜಧಾನಿ ರೇಯ್ಕ್ಯಾವೀಕ್ ಈಗ ‘ಹೊಗೆಗಳ ಕೊಲ್ಲಿ’, ಹಳೆಯ ಬರಹದಲ್ಲಿ ಅದು ‘ರೇಯ್ಕ್ಯಾರ್‌ವೀಕ್’, ಹೊಗೆಯ ಕೊಲ್ಲಿ. ಹೊಗೆ ಎಂದದ್ದು ಬಿಸಿನೀರಿನ ಬುಗ್ಗೆಗಳ ಆವಿಗೆ. ಒಂದು ರಕಾರ ಉದುರಿ ವಚನವೇ ಬದಲಾಗಿದೆ.