ವಿಆರ್‌ನಾಗ ಪೂರ್ತಿ ಮಾರ್ಕು, ಬಾಕ್ಸ್‌ನಾಗ ಗಂಟು ಬೀಳವಲ್ದು

ಸ್ಕಿಲ್‌ಲ್ಯಾಬ್_ಗದಗ:
ಸರ್ಜರಿ ಪಿಜಿಗಳು ವಿಆರ್ (ಕಂಪ್ಯೂಟರ್ ತೋರಿಸೋ ನಕಲಿ ಲೋಕ) ಹೆಡ್‌ಸೆಟ್ ಹಾಕ್ಕೊಂಡು, ಕೈಯಾಗ ಕಂಟ್ರೋಲರ್ ಹಿಡ್ಕೊಂಡು ಲ್ಯಾಪ್ ಕೋಲಿ (ಸಣ್ಣ ತೂತಿನಿಂದ ಪಿತ್ತಕೋಶ ತೆಗೆಯೋ ಆಪರೇಷನ್) ಸಲೀಸಾಗಿ ಮುಗಸ್ತಾರ. ಬಾಕ್ಸ್ ಟ್ರೇನರ್‌ಗೆ (ಖರೇ ಉಪಕರಣ ತೂರಿಸಿ ರೂಢಿ ಮಾಡೋ ಡಬ್ಬಿಗೆ) ಬಂದ್ರ ಒಂದು ಗಂಟೂ ಸರಿ ಬೀಳವಲ್ದು, ದಾರ ಹರೀತದ. ಮತ್ತ ಮಧ್ಯಾಹ್ನದ ಹೊತ್ತಿಗೆ ಕಂಟ್ರೋಲರ್ ಪರದೆಯೊಳಗ ಜಿಗದಾಡ್ತದ. ಏನ್ ಮಾಡೋದ್ರಿ?

ಓಟಿ_ಹುಬ್ಬಳ್ಳಿ:
ಕಂಟ್ರೋಲರ್ ಬರೇ ಗುಂಯ್ ಅಂತದ್ರಿ, ತಿರುಗಿ ಎಳೆಯಂಗಿಲ್ಲ. ದಾರ ಎಷ್ಟು ಬಿಗೀತು ಅನ್ನೋದು ಕೈಗೆ ಹತ್ತಂಗಿಲ್ಲ. ಗಂಟಿನ ಕಲಿಕೆ ಬಾಕ್ಸ್‌ನಾಗ ಇರ್ಲಿ. ಮೊದಲು ಪೆಗ್ ಟ್ರಾನ್ಸ್‌ಫರ್: 6 ರಿಂಗು, ಎಡಗೈಲೆ ಎತ್ತಿ, ನಡುಗಾಳ್ಯಾಗ ಬಲಗೈಗೆ ಕೊಟ್ಟು, ಆಚೆ ಗೂಟಕ್ಕ ಹಾಕಿ, ಮತ್ತ ವಾಪಸ್. 48 ಸೆಕೆಂಡಿನೊಳಗ ಬಂದ ಮ್ಯಾಲೆ ಹೊಲಿಗೆ. ದಾರ 15 ಸೆಂ.ಮೀ. ಸಾಕು, ಉದ್ದಾದ್ರ ಸುತ್ತಿಕೊಂಡು ತೊಡಕಾಗ್ತದ. ಮೊದಲನೇ ಸುತ್ತು ಎರಡು ಮಡಿಕೆ, ಆಮ್ಯಾಲೆ ಒಂದೊಂದು, ಪ್ರತಿ ಸಲ ಕೈ ಬದಲಿ. ಕೈ ಬದಲಿಸದಿದ್ರ ಗಂಟು ಜಾರ್ತದ.

ವೈರ್‌ಮನ್_ಧಾರವಾಡ:
ಜಿಗದಾಟಕ್ಕ ಪಶ್ಚಿಮದ ಕಿಟಕಿ ನೋಡ್ರಿ. ಕಂಟ್ರೋಲರ್‌ನ ಇನ್‌ಫ್ರಾರೆಡ್ ದೀಪ ಹೆಡ್‌ಸೆಟ್ ಕ್ಯಾಮೆರಾಕ್ಕ ಕಾಣಬೇಕು. ಬಿಸಿಲು ಬಿದ್ರ ಕಾಣಂಗಿಲ್ಲ. ಕಿಟಕಿಗೆ ದಪ್ಪನ ಪರದೆ ಹಾಕಿ, ಟ್ಯೂಬ್‌ಲೈಟ್ ಹಚ್ರಿ. ಪೂರಾ ಕತ್ತಲೂ ಬ್ಯಾಡ, ಬರೇ ಬಿಳಿ ಗೋಡೆನೂ ಬ್ಯಾಡ: ಕ್ಯಾಮೆರಾಕ್ಕ ಗುರುತು ಹಿಡ್ಯಾಕ ಏನರೆ ಬೇಕು, ಎರಡು ಚಾರ್ಟ್ ಅಂಟಿಸ್ರಿ. ಹೆಡ್‌ಸೆಟ್ ಬೋರಲು ಹಾಕಿ ಇಡ್ರಿ. ಲೆನ್ಸಿಗೆ ಬಿಸಿಲು ಹೊಕ್ರ ಡಿಸ್‌ಪ್ಲೇ ಸುಟ್ಟು ಕಲೆ ಬೀಳ್ತದ, ಮತ್ತ ಹೋಗಂಗಿಲ್ಲ.

ಲ್ಯಾಪ್_ಸರ್ಜನ್:
ಎಳೆತ ತಿಳಿಯೋದಿಲ್ಲ ಅನ್ನೋದು ಗಂಟಿನ ಮಟ್ಟಿಗೆ ಖರೆ. ಅದೊಂದಕ್ಕ ವಿಆರ್ ದೂರೋದು ಸರಿ ಅಲ್ಲ. 2002ರ ಯೇಲ್ ವಿಶ್ವವಿದ್ಯಾಲಯದ ಅಧ್ಯಯನದಾಗ 16 ರೆಸಿಡೆಂಟ್‌ಗಳಿದ್ರು (ಸರ್ಜರಿ ಕಲಿಯೋ ಡಾಕ್ಟರುಗಳು); ವಿಆರ್ ಕಲಿತವರು ಪಿತ್ತಕೋಶ ಬಿಡಿಸೋ ಕೆಲಸ ಶೇ. 29ರಷ್ಟು ಬೇಗ ಮುಗಿಸಿದ್ರು. ಅವರು ಕಲಿತ ಮಿಸ್ಟ್-ವಿಆರ್ ಅನ್ನೋ ಯಂತ್ರಕ್ಕೂ ಎಳೆತ ಇರಲಿಲ್ಲ. ಆದ್ರ ಹೆಡ್‌ಸೆಟ್ಟೂ ಇರಲಿಲ್ಲ ಅನ್ನೋದನ್ನ ಎಲ್ಲಾರೂ ಮರೀತಾರ! ಕಂಪ್ಯೂಟರ್ ಪರದೆ, ಸ್ಟ್ಯಾಂಡಿಗೆ ಕೂಡ್ಸಿದ ಎರಡು ಲ್ಯಾಪ್ ಹಿಡಿಕೆ, ಅಷ್ಟೇ. ಹಿಡಿಕೆ ಎಡಕ್ಕ ಒಯ್ದ್ರ ತುದಿ ಬಲಕ್ಕ ಹೋಗೋ ಆಟ ಅಲ್ಲಿತ್ತು, ಗಾಳ್ಯಾಗ ಬೀಸೋ ಕಂಟ್ರೋಲರ್‌ನಾಗ ಅದಿಲ್ಲ. ಇಷ್ಟು ತಾಸು ಅಂತ ಎಣಿಸದ, ನುರಿತವರ ಮಟ್ಟ ಮುಟ್ಟೋ ತನಕ ಮಾಡ್ಸಿದ್ರು.

ನಿಮ್ಮ ಹೆಡ್‌ಸೆಟ್ಟನ್ನ ತೀರ್ಮಾನ ಕಲಿಸ್ಲಿಕ್ಕೆ ಬಳಸ್ರಿ. ನಳಿಕೆಗೆ ಕ್ಲಿಪ್ ಹಾಕಿ ಕತ್ತರಿಸೋ ಮೊದಲು ನಿಲ್ಲಿಸಿ ಮೂರು ಮಾತು ಹೇಳ್ಸಿ: ಪಿತ್ತಕೋಶ, ಲಿವರ್ ನಡುವಿನ ತ್ರಿಕೋನದ ಕೊಬ್ಬು ಪೂರ್ತಿ ಬಿಡಿಸ್ಯಾದೇನು? ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಲಿವರ್‌ನಿಂದ ಬಿಟ್ಟದೇನು? ಪಿತ್ತಕೋಶದೊಳಗ ಹೋಗೋ ನಳಿಕೆ (ಪಿತ್ತನಾಳ, ರಕ್ತನಾಳ) ಎರಡೇ ಎರಡು ಕಾಣ್ತಾವೇನು? ಒಂದಕ್ಕ ಇಲ್ಲ ಅಂದ್ರೂ ಕ್ಲಿಪ್ ಇಲ್ಲ.

ಸ್ಕಿಲ್‌ಲ್ಯಾಬ್_ಗದಗ:
ಪೆಗ್‌ನಾಗ ರಿಂಗು ಕೆಳಗ ಬಿದ್ರ?

ಓಟಿ_ಹುಬ್ಬಳ್ಳಿ:
ಕ್ಯಾಮೆರಾಕ್ಕ ಕಾಣೋ ಜಾಗಾದಾಗ ಬಿದ್ರ ಎತ್ಕೊಂಡು ಮುಂದುವರೀಲಿ. ಹೊರಗ ಹಾರಿದ್ರ ಆ ಸುತ್ತು ಲೆಕ್ಕಕ್ಕಿಲ್ಲ.