ವೇಗಸ್ ನರದ ತೊಂದರೆ: ಡಾಕ್ಟರ್ ಮೇಡಂಗೆ ಕೇಳಿ

ಡಾಕ್ಟರ್: ನಮಸ್ಕಾರ. ಮಿದುಳಿನ ಬುಡದಿಂದ ಹೊರಟು ಗಂಟಲು, ಹೃದಯ, ಶ್ವಾಸಕೋಶ ದಾಟಿ ಹೊಟ್ಟೆಯವರೆಗೆ ಹೋಗುವ ನರ ಇದು. ಲ್ಯಾಟಿನ್‌ನಲ್ಲಿ ವೇಗಸ್ ಅಂದರೆ ಅಲೆಯುವುದು. ಪ್ರಶ್ನೆಯ ಜೊತೆ ವಯಸ್ಸು, ಎಷ್ಟು ದಿನದಿಂದ ತೊಂದರೆ, ಯಾವ ಮಾತ್ರೆ ಅಂತ ಬರೆಯಿರಿ.

ಸೂಜಿಭಯ: ಮೇಡಂ, ವಯಸ್ಸು 24. ರಕ್ತ ಕೊಡಲು ಕೂತರೆ ಬೆವರಿ, ಕಣ್ಣು ಕತ್ತಲಾಗಿ ಬಿದ್ದುಬಿಡುತ್ತೇನೆ. ನರ ವೀಕ್ ಆಗಿದೆಯಾ?

ಡಾಕ್ಟರ್: ಇಲ್ಲ, ಅದು ಆ ಗಳಿಗೆಯಲ್ಲಿ ಜಾಸ್ತಿ ಚುರುಕಾಗುತ್ತದೆ. ಹೃದಯದ ಬಡಿತ ಇಳಿಯುತ್ತದೆ, ರಕ್ತನಾಳ ಸಡಿಲವಾಗಿ ಬಿಪಿ ಕುಸಿಯುತ್ತದೆ. ಮಲಗಿಯೇ ರಕ್ತ ಕೊಡಿ. ಬೇರೆ ಕಡೆ ಹಾಗನಿಸಿದರೆ ಕಾಲಿನ ಮೇಲೆ ಕಾಲು ಹಾಕಿ ತೊಡೆ ಬಿಗಿಹಿಡಿಯಿರಿ, ಆಗದಿದ್ದರೆ ಮಲಗಿಬಿಡಿ. ಓಡುವಾಗ ಬಿದ್ದರೆ, ಮಲಗಿದ್ದಾಗಲೇ ಎಚ್ಚರ ತಪ್ಪಿದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಹಠಾತ್ತನೆ ತೀರಿಕೊಂಡಿದ್ದರೆ ಮಾತ್ರ ಸುಮ್ಮನಿರಬೇಡಿ. ಇಸಿಜಿ ಮಾಡಿಸಿ, ಹೃದಯದ ಡಾಕ್ಟರನ್ನು ನೋಡಿ.

ಕಿವಿಮಾತು: ಕಿವಿಯೊಳಗೆ ಕಡ್ಡಿ ಹಾಕಿದರೆ ಕೆಮ್ಮು ಬರುತ್ತದೆ. ಇದೂ ವೇಗಸ್ಸೇ?

ನಿವೃತ್ತ ಮೇಷ್ಟ್ರು: ಎಲ್ಲರ ಹಿತಕ್ಕಾಗಿ ಬಂದದ್ದನ್ನು ಕಳಿಸುತ್ತಿದ್ದೇನೆ. ಕತ್ತಿನ ಎರಡೂ ಬದಿ ಬಡಿಯುವ ಜಾಗವನ್ನು 5 ನಿಮಿಷ ಒತ್ತಿ ಉಜ್ಜಿದರೆ ವೇಗಸ್ ರಿಸೆಟ್ ಆಗುತ್ತದಂತೆ.

ಡಾಕ್ಟರ್: ದಯವಿಟ್ಟು ಯಾರೂ ಮಾಡಬೇಡಿ. ಅಲ್ಲಿ ಬಡಿಯುವುದು ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ರಕ್ತನಾಳ. ವಯಸ್ಸಾದವರಲ್ಲಿ ಅದರೊಳಗೆ ಕೊಬ್ಬು ಕಟ್ಟಿರುತ್ತದೆ. ಉಜ್ಜಿದಾಗ ಚೂರು ಕಿತ್ತು ಮೇಲೆ ಹೋದರೆ ಸ್ಟ್ರೋಕ್.

ಹಿರಿಮಗಳು: ಅಪ್ಪನಿಗೆ 61. ಎರಡೂವರೆ ತಿಂಗಳಿಂದ ಧ್ವನಿ ಕಟ್ಟಿದೆ, ನೆಗಡಿ ಇಲ್ಲ. ನೀರು ಕುಡಿದರೆ ಕೆಮ್ಮು. ಮೊದಲು ಸಿಗರೇಟ್ ಸೇದುತ್ತಿದ್ದರು. ಗ್ಯಾಸ್ ಅಂತ ಮಾತ್ರೆ ಕೊಟ್ಟಿದ್ದಾರೆ.

ಡಾಕ್ಟರ್: ಇದು ನನಗೆ ಸರಿ ಕಾಣುತ್ತಿಲ್ಲ. ನೆಗಡಿಯಿಂದ ಕಟ್ಟಿದ ಧ್ವನಿಯಾದರೂ ಮೂರು ನಾಲ್ಕು ವಾರದಲ್ಲಿ ಬಿಡಬೇಕಿತ್ತು. ಧ್ವನಿತಂತುವನ್ನು ಆಡಿಸುವ ನರ ವೇಗಸ್‌ನ ಕೊಂಬೆ, ಮತ್ತು ಅದರ ದಾರಿ ವಿಚಿತ್ರ. ಸೇರಬೇಕಾದದ್ದು ಗಂಟಲಿಗೆ. ಆದರೆ ಎಡಗಡೆಯದು ಎದೆಯೊಳಗೆ ಇಳಿದು, ಮಹಾಧಮನಿಯ ಬಾಗಿನ ಕೆಳಗೆ ಸುತ್ತಿ, ಮತ್ತೆ ಮೇಲೆ ಹತ್ತುತ್ತದೆ. ಬಲಗಡೆಯದು ಅಷ್ಟು ಕೆಳಗಿಳಿಯುವುದಿಲ್ಲ. ಹಾಗಾಗಿ ರೋಗ ಎದೆಯಲ್ಲಿದ್ದರೂ ಮೊದಲು ಧ್ವನಿ ಹೋಗಬಹುದು. ಶ್ವಾಸಕೋಶದ ಗಡ್ಡೆ, ಊದಿದ ಗ್ರಂಥಿ, ಹಿಗ್ಗಿದ ಮಹಾಧಮನಿ, ಯಾವುದೂ ಒತ್ತುತ್ತಿರಬಹುದು. ಥೈರಾಯ್ಡ್ ಆಪರೇಷನ್ನಿನಲ್ಲೂ ಪೆಟ್ಟು ಬೀಳುತ್ತದೆ, ಅಪ್ಪನಿಗೆ ಆಗಿದೆಯಾ? ಕಾರಣವೇ ಸಿಗದೆ ತಾನಾಗಿ ಸರಿಹೋದವರೂ ಇದ್ದಾರೆ, ಆದರೆ ಎಲ್ಲ ನೋಡಿದ ಮೇಲೆ ಹೇಳುವ ಮಾತು ಅದು. ನೀರು ಬೇಗ ಜಾರುತ್ತದೆ, ತಂತು ಪೂರ್ತಿ ಮುಚ್ಚದಿದ್ದರೆ ಶ್ವಾಸನಾಳಕ್ಕೆ ಹೋಗುತ್ತದೆ, ಕೆಮ್ಮು ಅದಕ್ಕೇ ಇರಬಹುದು. ಈ ವಾರವೇ ಇಎನ್‌ಟಿಯವರ ಹತ್ತಿರ ಗಂಟಲಿಗೆ ಸ್ಕೋಪ್, ಅಂದರೆ ಕ್ಯಾಮೆರಾ ಇರುವ ಸಣ್ಣ ಕೊಳವೆ, ಹಾಕಿಸಿ. ಒಂದು ತಂತು ಅಲ್ಲಾಡುತ್ತಿಲ್ಲ ಅಂದರೆ ತಲೆಬುರುಡೆಯ ಬುಡದಿಂದ ಎದೆಯವರೆಗೆ ಸಿಟಿ ಸ್ಕ್ಯಾನ್ ಬೇಕು. ಅಲ್ಲಿಯವರೆಗೆ ನೆಟ್ಟಗೆ ಕೂತು ಗುಟುಕು ಗುಟುಕಾಗಿ ಕುಡಿಯಲಿ. ಜ್ವರ, ಕಫ ಬಂದರೆ ಕಾಯಬೇಡಿ.

ಹಿರಿಮಗಳು: ಥೈರಾಯ್ಡ್ ಆಪರೇಷನ್ ಆಗಿಲ್ಲ. ಭಯವಾಗುತ್ತಿದೆ ಮೇಡಂ.

ತಣ್ಣೀರುಭಕ್ತ: ದಿನಾ ಐಸ್ ನೀರಿಗೆ ಮುಖ ಅದ್ದಿಸಿ, ವೇಗಸ್ ತಾನೇ ಎದ್ದು ಕೂರುತ್ತೆ. ನನ್ನ ಆತಂಕ ಹಾಗೇ ಹೋಯ್ತು.

ಮಳೆಹನಿ: ಅವರ ಅಪ್ಪನಿಗೆ ಧ್ವನಿ ಇಲ್ಲ, ನಿಮ್ಮದು ಐಸ್ ಪುರಾಣ!

ತಣ್ಣೀರುಭಕ್ತ: ಪುರಾಣ ಅಲ್ಲ. ವೇಗಸ್‌ಗೆ ಕರೆಂಟ್ ಕೊಡುವ ಯಂತ್ರಕ್ಕೆ ಅಮೆರಿಕದಲ್ಲಿ 1997ರಲ್ಲೇ ಒಪ್ಪಿಗೆ ಸಿಕ್ಕಿದೆ. ಓದಿಕೊಂಡು ಮಾತಾಡಿ.

ಮಳೆಹನಿ: ಅದು ಮೂರ್ಛೆರೋಗಕ್ಕೆ. ಎದೆಯ ಚರ್ಮದಡಿ ಇಟ್ಟು, ಕತ್ತಿನ ಎಡಗಡೆ ನರಕ್ಕೆ ತಂತಿ ಸುತ್ತುತ್ತಾರೆ. ನಿಮ್ಮ ಬಕೆಟ್ಟಿಗೂ ಅದಕ್ಕೂ ಏನು ಸಂಬಂಧ?

ಡಾಕ್ಟರ್: ತಣ್ಣೀರಿಗೆ ಮುಖ ಅದ್ದಿದರೆ ಬಡಿತ ಇಳಿಯುವುದು ನಿಜ. ಅದರಿಂದ ಬಿದ್ದ ಧ್ವನಿತಂತು ಏಳುವುದಿಲ್ಲ. ಹೃದಯದ ತೊಂದರೆ ಇದ್ದವರು ಮಾಡಲೇಬೇಡಿ. ಜಗಳ ಬೇರೆ ಕಡೆ ಆಡಿ.

ಸಕ್ಕರೆರಾಯ: 15 ವರ್ಷದಿಂದ ಸಕ್ಕರೆ ಕಾಯಿಲೆ, ಇನ್ಸುಲಿನ್ ಇದೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ. ಬೆಳಿಗ್ಗೆ ತಿಂದದ್ದು ಸಂಜೆ ವಾಂತಿ.

ಡಾಕ್ಟರ್: ಸಕ್ಕರೆಯಿಂದ ವೇಗಸ್ ಕೆಟ್ಟು ಹೊಟ್ಟೆ ಖಾಲಿಯಾಗುವುದು ನಿಧಾನವಾಗಿರಬಹುದು. ಮೊದಲು ಎಂಡೋಸ್ಕೋಪಿ ಮಾಡಿ ಅಡಚಣೆ ಇಲ್ಲ ಅಂತ ನೋಡುತ್ತಾರೆ. ಆಮೇಲೆ ಊಟ ಕೊಟ್ಟು, ಅದು ಎಷ್ಟು ಬೇಗ ಹೊಟ್ಟೆಯಿಂದ ಖಾಲಿಯಾಗುತ್ತದೆ ಅಂತ ನೋಡುವ ಸ್ಕ್ಯಾನ್. 4 ಗಂಟೆಯ ನಂತರವೂ ಊಟದ 10%ಕ್ಕಿಂತ ಜಾಸ್ತಿ ಉಳಿದಿದ್ದರೆ ಖಚಿತ. ಊಟ ಹೊಟ್ಟೆಯಲ್ಲೇ ನಿಂತು ಇನ್ಸುಲಿನ್ ಕೆಲಸ ಶುರುಮಾಡಿದರೆ ಸಕ್ಕರೆ ದಿಢೀರನೆ ಇಳಿಯುತ್ತದೆ. ಡೋಸ್ ವಿಷಯ ನಾಳೆಯೇ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ. ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಅದೂ ಹೊಟ್ಟೆಯನ್ನು ನಿಧಾನ ಮಾಡುತ್ತದೆ.

ಹೊಸಬ: ಸೂಜಿ ಕಂಡರೆ ತಲೆ ಸುತ್ತುತ್ತೆ, ಏನು ಮಾಡಲಿ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಗೆಳತಿ: ನನ್ನ ತಂಗಿಗೂ ಹಾಗೇ, ರಕ್ತ ನೋಡಿದರೆ...

ಡಾಕ್ಟರ್: ಮೇಲೆ ಓದಿ.

ನಿವೃತ್ತ ಮೇಷ್ಟ್ರು: ಒಳ್ಳೆಯದಕ್ಕೇ ಹಾಕಿದ್ದೆ. ಹಿರಿಯರಿಗೆ ಸ್ವಲ್ಪ ಮರ್ಯಾದೆ ಇರಲಿ.

ಡಾಕ್ಟರ್: ಮರ್ಯಾದೆ ಇದೆ ಸರ್. ಆ ಮೆಸೇಜ್ ಇನ್ನೂ ಅಲ್ಲೇ ಇದೆ. ಅಳಿಸಿ.

ಕಿವಿಮಾತು: ನನ್ನ ಕಿವಿ?

ಹಿರಿಮಗಳು: ನಾಳೆ 9 ಗಂಟೆಗೆ ಇಎನ್‌ಟಿ ಸಿಕ್ಕಿದ್ದಾರೆ. ಅಪ್ಪ ಬರಲ್ಲ ಅಂತಿದ್ದಾರೆ.

ಡಾಕ್ಟರ್: ಎಳೆದುಕೊಂಡು ಹೋಗಿ. ಸ್ಕೋಪ್ ರಿಪೋರ್ಟ್ ಬಂದ ಕೂಡಲೇ ನನಗೆ ಬೇರೆಯಾಗಿ ಕಳಿಸಿ, ಇಲ್ಲಿ ಹಾಕಬೇಡಿ.